ಚಿಕ್ಕಂದಿನ ಹೆಪಟೈಟಿಸ್ ಬಿ ಲಸಿಕೆ ಇನ್ನೂ ಕಾಯುತ್ತಿದೆಯಾ? ನೋಡಿಕೊಳ್ಳುವುದು ಹೇಗೆ

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಕೂಸಾಗಿದ್ದಾಗ ಹೆಪಟೈಟಿಸ್ ಬಿ ಲಸಿಕೆಯ ಡೋಸ್‌ಗಳೆಲ್ಲ ಸರಿಯಾಗಿ ಬಿದ್ದಿದ್ದರೆ, ಈಗ ನೀವು ಆರೋಗ್ಯವಾಗಿದ್ದರೆ, ಆ ರಕ್ಷಣೆ ಕನಿಷ್ಠ 30 ವರ್ಷ ಇರುತ್ತದೆ. ಅದಕ್ಕಿಂತ ಜಾಸ್ತಿಯೂ ಇರಬಹುದು, ಬಹಳ ಜನರಿಗೆ ಜೀವನಪೂರ್ತಿ. ಆರೋಗ್ಯವಂತರಿಗೆ ಬೂಸ್ಟರ್ ಬೇಡ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗಾದರೆ ಇಷ್ಟು ಉದ್ದ ಯಾಕೆ ಬರೆಯುತ್ತಿದ್ದೇನೆ? ನಾನು ಶಿವಮೊಗ್ಗದಲ್ಲಿ ಲ್ಯಾಬ್ ಕೆಲಸದಲ್ಲಿರುವವನು. ನರ್ಸಿಂಗ್, ಪ್ಯಾರಾಮೆಡಿಕಲ್, ಎಂಬಿಬಿಎಸ್ ಅಂತ ಸೀಟು ಸಿಕ್ಕ ಹುಡುಗ ಹುಡುಗಿಯರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ರಕ್ತ ಕೊಟ್ಟು ಹೋಗುತ್ತಾರೆ. ಸಂಜೆ ರಿಪೋರ್ಟು ವಾಟ್ಸಾಪಿಗೆ ಹೋದ ಮೇಲೆ ಶುರು: "ಅಣ್ಣಾ, ಟೈಟರ್ 4 ಬಂದಿದೆ, ಅಮ್ಮ ಅಳ್ತಾ ಇದಾರೆ, ಅಂದ್ರೆ ಲಸಿಕೆ ಕೆಲಸ ಮಾಡಿಲ್ವಾ?" ಮಾಡಿರುತ್ತದೆ ಮಾರಾಯ. ಟೈಟರ್ ಅಂದರೆ ಲಸಿಕೆಯಿಂದ ರಕ್ತದಲ್ಲಿ ಹುಟ್ಟಿದ ಪ್ರತಿಕಾಯದ (ವೈರಸ್ಸನ್ನು ತಡೆಯುವ ಅಂಶದ) ಅಳತೆ, 10 ದಾಟಿದ್ದರೆ ರಕ್ಷಣೆ ಇದೆ ಅಂತ ಲೆಕ್ಕ. ಸಂಖ್ಯೆ ಕಡಿಮೆಯಾಗುವುದು ಬೇರೆ, ರಕ್ಷಣೆ ಹೋಗುವುದು ಬೇರೆ. ಇದೊಂದನ್ನು ಅರ್ಥ ಮಾಡಿಕೊಂಡರೆ ಸುಮ್ನೆ ಕಳೆಯುವ ಅರ್ಧ ದುಡ್ಡು ಉಳಿಯುತ್ತದೆ. ಆದರೆ ಕೆಲವರಿಗೆ ಆ ಸಂಖ್ಯೆ ನಿಜಕ್ಕೂ ಮುಖ್ಯ. ನೀವು ಯಾವ ಗುಂಪಿನವರು ಅಂತ ನೋಡಿಕೊಳ್ಳುವುದಕ್ಕೇ ಈ ಬರಹ. ನಾನು ಡಾಕ್ಟರ್ ಅಲ್ಲ, ಸೂಜಿ ಚುಚ್ಚಿಸಿಕೊಳ್ಳುವ ತೀರ್ಮಾನ ಡಾಕ್ಟರ ಹತ್ತಿರವೇ ಆಗಲಿ. ಅವರ ಮುಂದೆ ಕೂತಾಗ ಏನು ಕೇಳಬೇಕು, ಯಾವ ಕಾಗದ ತೋರಿಸಬೇಕು ಅನ್ನುವುದನ್ನು ಹೇಳುತ್ತೇನೆ.

ನಮ್ಮ ಮಲೆನಾಡಿನವರಿಗೆ "ಒಂದ್ಸಲ ಹಾಕಿಸಿದ ಲಸಿಕೆ ಸಾಕು" ಅಂದರೆ ನಂಬಿಕೆ ಬರುವುದಿಲ್ಲ, ಅದಕ್ಕೆ ಕಾರಣವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡ ಮೇಲೆ ಬಂದ ಲಸಿಕೆ ನೆನಪಿದೆಯಲ್ಲ, ತಿಂಗಳ ಅಂತರದಲ್ಲಿ ಎರಡು ಚುಚ್ಚು, ಆರರಿಂದ ಒಂಬತ್ತು ತಿಂಗಳಿಗೆ ಒಂದು ಬೂಸ್ಟರ್, ಆಮೇಲೂ ಐದು ವರ್ಷ ವರ್ಷಕ್ಕೊಂದು. ಹಾಕಿಸಿಕೊಂಡವರಿಗೂ ಕಾಯಿಲೆ ಬರುವುದು ಕಂಡು, ಪರಿಣಾಮ ಸಾಲದು ಅಂತ ಕೊನೆಗೆ ಅದನ್ನು ನಿಲ್ಲಿಸಿದರು. ಕಾಡಂಚಿನ ಊರುಗಳಲ್ಲಿ ಅದನ್ನು ನೋಡಿ ಬೆಳೆದವರು ಎಲ್ಲ ಲಸಿಕೆಯೂ ಹೀಗೇ ಅಂದುಕೊಂಡರೆ ತಪ್ಪೇನಿಲ್ಲ. ಆದರೆ ಹೆಪಟೈಟಿಸ್ ಬಿ ಲಸಿಕೆ ಆ ಜಾತಿಯದಲ್ಲ. ಈ ವೈರಸ್ಸಿನ ಹೊರಮೈಯ ಒಂದೇ ಒಂದು ಪ್ರೋಟೀನನ್ನು ಯೀಸ್ಟಿನಲ್ಲಿ ಬೆಳೆಸಿ ಮಾಡಿದ ಲಸಿಕೆ ಇದು. ಇಡೀ ವೈರಸ್ ಇದರಲ್ಲಿ ಇಲ್ಲ, ಇದರಿಂದ ಕಾಯಿಲೆ ಬರುವ ಪ್ರಶ್ನೆಯೇ ಇಲ್ಲ. ದೇಹದಲ್ಲಿ ಇದು ಬಿಟ್ಟುಹೋಗುವ ನೆನಪು ಬಹಳ ಗಟ್ಟಿ.

ಮೊದಲು: ಯಾವ ಹೆಪಟೈಟಿಸ್ ಅಂತ ನೋಡಿ

ಮನೆಯಲ್ಲಿ "ಅವನಿಗೆ ಜಾಂಡೀಸ್ ಆಗಿತ್ತು, ಲಸಿಕೆ ಹಾಕಿಸಿದ್ರೂ ಬಂತು" ಅನ್ನುವ ಮಾತು ಬಂದರೆ ತೊಂಬತ್ತು ಪಾಲು ಅದು ಬೇರೆ ಕಾಮಾಲೆ. ಕಾಮಾಲೆ ಒಂದು ಲಕ್ಷಣ, ಅದರ ಹಿಂದೆ ಬೇರೆ ಬೇರೆ ವೈರಸ್‌ಗಳಿವೆ. ಮಳೆಗಾಲದಲ್ಲಿ ಬಾವಿಗೆ ಕೆಂಪು ನೀರು ಇಳಿದಾಗ, ಜಾತ್ರೆಯಲ್ಲಿ ಕಂಡ ಕಂಡ ಐಸ್ ಹಾಕಿದ ಜ್ಯೂಸ್ ಕುಡಿದಾಗ ಬರುವುದು ಸಾಮಾನ್ಯವಾಗಿ ಎ ಅಥವಾ ಇ. ಅವು ಕೊಳಕು ನೀರು, ಆಹಾರದಿಂದ ಬರುತ್ತವೆ, ಕೆಲವು ವಾರ ಕಾಡಿ ಬಹುತೇಕ ತಾವೇ ಬಿಟ್ಟು ಹೋಗುತ್ತವೆ. ನೆಲನೆಲ್ಲಿ ಅರೆದು ಕೊಟ್ಟವರಿಗೆ ಒಳ್ಳೆ ಹೆಸರು ಬರುವುದೂ ಇದೇ ಕಾರಣಕ್ಕೆ. ಹೇಗೂ ವಾಸಿಯಾಗುವ ಕಾಯಿಲೆ, ಔಷಧಿ ಕೊಟ್ಟವರ ಲೆಕ್ಕಕ್ಕೆ ಜಮಾ. (ಬಸುರಿಯರಿಗೆ ಮಾತ್ರ ಇ ಜೀವಕ್ಕೇ ಕುತ್ತು ತರಬಹುದು, ಅಲ್ಲಿ ನಾಟಿ ಔಷಧಿ ಅಂತ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.)

ಬಿ ಬರುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಚೆಂಬಿನ ನೀರು ಕುಡಿದರೆ, ಅಪ್ಪಿಕೊಂಡರೆ, ಕೆಮ್ಮಿದರೆ ಬರುವುದಿಲ್ಲ. ಕೂಸಿಗೆ ತಗುಲಿದರೆ ನೂರಕ್ಕೆ ಸುಮಾರು 90 ಮಕ್ಕಳಲ್ಲಿ ಅದು ಜೀವಮಾನಪೂರ್ತಿ ಲಿವರಿನಲ್ಲಿ ಕೂತುಬಿಡುತ್ತದೆ, ದೊಡ್ಡವರಿಗೆ ತಗುಲಿದರೆ ಹಾಗಾಗುವುದು ನೂರಕ್ಕೆ ಐವರಿಗಿಂತ ಕಡಿಮೆ. ಕೂತದ್ದು ಏನೂ ತೊಂದರೆ ತೋರಿಸದೆ ಇಪ್ಪತ್ತು ಮೂವತ್ತು ವರ್ಷ ಇದ್ದು, ಆಮೇಲೆ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು), ಲಿವರ್ ಕ್ಯಾನ್ಸರ್ ಅಂತ ಎದ್ದು ಬರಬಹುದು. ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಹಾಕಬೇಕು ಅಂತ ಅವಸರ ಮಾಡುವುದು ಇದಕ್ಕೇ.

ಇನ್ನು ಮುಂದೆ ಲಸಿಕೆ ಅಂದರೆ ಬಿ ಲಸಿಕೆ. ಎ ಬಗ್ಗೆ ಕೊನೆಯಲ್ಲಿ ಎರಡು ಮಾತು.

ಕಾರ್ಡು ಹುಡುಕಿ, ಟೈಟರ್ ಆಮೇಲೆ

ಎಲ್ಲರೂ ತಲೆಕೆಳಗಾಗಿ ಮಾಡುವುದು ಇಲ್ಲಿಯೇ. ಮೊದಲು ಲ್ಯಾಬಿಗೆ ಓಡುತ್ತಾರೆ, ಆಮೇಲೆ ಕಾರ್ಡು ಹುಡುಕುತ್ತಾರೆ. ಕಾರ್ಡಿಲ್ಲದೆ ಬಂದ ಟೈಟರ್ 4ಕ್ಕೂ, ಮೂರು ಡೋಸ್ ಬರೆದ ಕಾರ್ಡಿನ ಜೊತೆ ಬಂದ ಟೈಟರ್ 4ಕ್ಕೂ ಅರ್ಥ ಪೂರ್ತಿ ಬೇರೆ. ಮೊದಲನೆಯವರು ಲಸಿಕೆಯನ್ನೇ ಪಡೆಯದವರು ಇರಬಹುದು. ಎರಡನೆಯವರಿಗೆ ರಕ್ಷಣೆ ಇರುವ ಸಾಧ್ಯತೆಯೇ ಜಾಸ್ತಿ.

ಹುಟ್ಟಿದ ವರ್ಷ ನೋಡಿಕೊಳ್ಳಿ. ಕರ್ನಾಟಕದಲ್ಲಿ ಸರ್ಕಾರಿ ಲಸಿಕೆ ಪಟ್ಟಿಗೆ ಹೆಪಟೈಟಿಸ್ ಬಿ ವ್ಯಾಪಕವಾಗಿ ಸೇರಿದ್ದು 2007-08ರಲ್ಲಿ, ಹತ್ತು ರಾಜ್ಯಗಳಿಗೆ ವಿಸ್ತರಿಸಿದಾಗ. ಇಡೀ ದೇಶಕ್ಕೆ ಬಂದದ್ದು 2011-12ರಲ್ಲಿ. 2007-08ಕ್ಕೂ ಮೊದಲು ಹುಟ್ಟಿ, ಊರಿನ ಆರೋಗ್ಯ ಕೇಂದ್ರದಲ್ಲೇ ಎಲ್ಲ ಲಸಿಕೆ ಹಾಕಿಸಿಕೊಂಡವರಾದರೆ ಇದು ನಿಮಗೆ ಬಿದ್ದಿರುವ ಸಾಧ್ಯತೆ ಕಡಿಮೆ. ಅಮ್ಮ ಎಷ್ಟೇ ಖಡಾಖಂಡಿತವಾಗಿ "ಎಲ್ಲಾ ಇಂಜೆಕ್ಷನ್ ಹಾಕ್ಸಿದೀವಿ" ಅಂದರೂ, ಅವರು ಹಾಕಿಸಿದ "ಎಲ್ಲಾ" ಪಟ್ಟಿಯಲ್ಲಿ ಆಗ ಇದು ಇರಲಿಲ್ಲ. ಖಾಸಗಿ ಮಕ್ಕಳ ಡಾಕ್ಟರ ಹತ್ತಿರ ಹೋಗುತ್ತಿದ್ದವರಿಗೆ ಮಾತ್ರ ಸಿಕ್ಕಿರಬಹುದು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶದಲ್ಲೇ ಈ ಲಸಿಕೆ ತಯಾರಿಸಿ ಬೆಲೆ ಇಳಿದ ಮೇಲೆ ಶಾಲೆ, ಕಲ್ಯಾಣ ಮಂಟಪಗಳಲ್ಲಿ ಕ್ಯಾಂಪುಗಳೂ ನಡೆದವು. ಕ್ಯಾಂಪಿನ ತೊಂದರೆ ಏನೆಂದರೆ ಮೊದಲ ಡೋಸಿಗೆ ಸಾಲು ನಿಂತವರು ಆರು ತಿಂಗಳ ನಂತರದ ಮೂರನೆಯದಕ್ಕೆ ಬರುವುದಿಲ್ಲ.

ಕಾರ್ಡಿನಲ್ಲಿ ಏನು ನೋಡಬೇಕು? ತಾಯಿ ಕಾರ್ಡಿನ ಹಿಂಭಾಗದ ಲಸಿಕೆ ಪುಟದಲ್ಲೋ, ಬೇರೆ ಲಸಿಕಾ ಕಾರ್ಡಿನಲ್ಲೋ "ಹುಟ್ಟಿದಾಗ" ಎನ್ನುವ ಸಾಲು ಇರುತ್ತದೆ. ಅಲ್ಲಿ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ, ಮೂರೂ ಇರಬೇಕು. ಆಮೇಲೆ 6, 10, 14 ವಾರದ ಸಾಲುಗಳು. ಸ್ವಲ್ಪ ಹಳೆಯ ಕಾರ್ಡಾದರೆ ಡಿಪಿಟಿ ಪಕ್ಕದಲ್ಲಿ ಹೆಪ್ ಬಿ 1, 2, 3 ಅಂತ ಇರುತ್ತದೆ. ಈಚಿನದಾದರೆ "ಪೆಂಟಾ 1, 2, 3" ಅಂತ ಮಾತ್ರ ಇರುತ್ತದೆ, ಹೆಪಟೈಟಿಸ್ ಹೆಸರೇ ಕಾಣುವುದಿಲ್ಲ, ಗಾಬರಿ ಬೇಡ. ಪೆಂಟಾವೇಲೆಂಟ್ ಅಂದರೆ ಐದು ಸೇರಿದ ಒಂದು ಚುಚ್ಚು: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹಿಬ್ (ಮಕ್ಕಳಿಗೆ ನ್ಯುಮೋನಿಯಾ, ಮಿದುಳುಜ್ವರ ತರುವ ಬ್ಯಾಕ್ಟೀರಿಯಾ), ಜೊತೆಗೆ ಹೆಪಟೈಟಿಸ್ ಬಿ. ಪೆಂಟಾ ಮೂರೂ ಬಿದ್ದಿದ್ದರೆ ಬಿ ಲಸಿಕೆಯ ಮೂರು ಡೋಸ್ ಆಯಿತು. ತೋಳಿನ ಮೇಲೆ ಕಾಣುವ ಕಲೆ ಬಿಸಿಜಿಯದು, ಅದನ್ನು ತೋರಿಸಿ "ನೋಡಿ ಹಾಕಿಸಿದ್ದೀನಿ" ಅಂದರೆ ಲೆಕ್ಕಕ್ಕಿಲ್ಲ.

ಕಾರ್ಡು ಕಳೆದಿದ್ದರೆ ಹುಟ್ಟಿದೂರಿನ ಉಪಕೇಂದ್ರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಹಳೇ ರಿಜಿಸ್ಟರ್ ಸಿಗುವುದು ಅದೃಷ್ಟ, ಮಳೆ ಸೋರಿ ಗೆದ್ದಲು ತಿಂದಿರುವುದೂ ಉಂಟು. ಆದರೆ ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಟೀಚರಮ್ಮನಿಗೆ ಯಾವ ಪುಸ್ತಕ ಎಲ್ಲಿದೆ ಅಂತ ಗೊತ್ತಿರುತ್ತದೆ, ಮೊದಲು ಅವರನ್ನು ಹಿಡಿಯಿರಿ. ಖಾಸಗಿಯಲ್ಲಿ ಹಾಕಿಸಿದ್ದರೆ ಆ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ವಿಚಾರಿಸಿ. ಏನೇ ಮಾಡಿದರೂ ದಾಖಲೆ ಸಿಗಲಿಲ್ಲವೇ? ಹಾಕಿಸಿಲ್ಲ ಅಂತಲೇ ಲೆಕ್ಕ ಇಟ್ಟುಕೊಂಡು ಮುಂದುವರಿಯುವುದು ಒಳ್ಳೆಯದು. ಅಕಸ್ಮಾತ್ ಹಿಂದೆ ಹಾಕಿಸಿದ್ದರೂ ಇನ್ನೊಂದು ಸಲ ಹಾಕಿಸಿದರೆ ತೊಂದರೆ ಏನೂ ಇಲ್ಲ.

ಒಂದೋ ಎರಡೋ ಡೋಸ್ ಮಾತ್ರ ಆಗಿದೆ, ಹತ್ತು ವರ್ಷ ಆಯಿತು ಅಂತಾದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿದರೆ ಆಯಿತು. ಇದನ್ನು ಗೊತ್ತಿಲ್ಲದವರು ಮತ್ತೆ ಮೂರು ಬರೆದುಕೊಡುವುದುಂಟು, ಅದಕ್ಕೇ ಹಳೇ ಕಾರ್ಡು ಜೊತೆಗಿರಲಿ ಅನ್ನುವುದು. ಒಂದೂ ಆಗಿಲ್ಲದ ದೊಡ್ಡವರಿಗೆ ಕ್ರಮ ಹೀಗೆ: ಇವತ್ತು ಒಂದು, ತಿಂಗಳಿಗೆ ಒಂದು, ಮೊದಲನೆಯದರಿಂದ ಆರು ತಿಂಗಳಿಗೆ ಒಂದು. ತೋಳಿಗೇ ಹಾಕಿಸಿಕೊಳ್ಳಿ. ಕುಂಡೆಗೆ ಹಾಕಿದರೆ ಕೊಬ್ಬಿನಲ್ಲೇ ಉಳಿದು ಕೆಲಸ ಸರಿಯಾಗಿ ಆಗುವುದಿಲ್ಲ. ನಲವತ್ತು ದಾಟಿದವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಮೈ ತೂಕ ಜಾಸ್ತಿ ಇರುವವರಿಗೆ ಲಸಿಕೆ ಸ್ವಲ್ಪ ಕಡಿಮೆ ಹತ್ತುತ್ತದೆ, ಹಾಗಾಗಿ ಹಾಕಿಸಿಕೊಳ್ಳುವುದಾದರೆ ಮುಂದೂಡಬೇಡಿ.

ಸಂಖ್ಯೆ ಇಳಿದರೂ ರಕ್ಷಣೆ ಹೇಗೆ ಉಳಿಯುತ್ತದೆ

ಲಸಿಕೆ ಬಿದ್ದ ಮೇಲೆ ದೇಹ ಎರಡು ಕೆಲಸ ಮಾಡುತ್ತದೆ. ಒಂದು, ರಕ್ತದಲ್ಲಿ ಪ್ರತಿಕಾಯ ತುಂಬುತ್ತದೆ. ಟೈಟರ್ ಅಂತ ನಾವು ಅಳೆಯುವುದು ಇದನ್ನೇ. ಎರಡು, ಈ ವೈರಸ್ಸಿನ ಗುರುತು ಇಟ್ಟುಕೊಂಡ ನೆನಪಿನ ಕಣಗಳನ್ನು ಉಳಿಸಿಕೊಳ್ಳುತ್ತದೆ. ಇವನ್ನು ಅಳೆಯುವ ಮಾಮೂಲಿ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ. ಪ್ರತಿಕಾಯ ಅಂದರೆ ಹಂದಿ ಕಾಯಲು ರಾತ್ರಿ ಗದ್ದೆಯ ಮಾಳದ ಮೇಲೆ ಕೂತವರು ಅಂದುಕೊಳ್ಳಿ, ವರ್ಷಗಟ್ಟಲೆ ಹಂದಿ ಬರದಿದ್ದರೆ ಅವರು ಒಬ್ಬೊಬ್ಬರೇ ಇಳಿದು ಮನೆಗೆ ಹೋಗಿ ಮಲಗುತ್ತಾರೆ, ಆದರೆ ಹಂದಿ ಯಾವ ಬದುವಿನಿಂದ ನುಗ್ಗುತ್ತದೆ ಅಂತ ಮರೆತಿರುವುದಿಲ್ಲ. ಸದ್ದಾದರೆ ಎದ್ದು ಬರುತ್ತಾರೆ.

ಎದ್ದು ಬರುವಷ್ಟು ಸಮಯ ಸಿಗುತ್ತದಾ? ಈ ವೈರಸ್ಸಿನ ವಿಷಯದಲ್ಲಿ ಸಿಗುತ್ತದೆ. ಹೆಪಟೈಟಿಸ್ ಬಿ ಬಹಳ ನಿಧಾನದ್ದು, ಮೈಗೆ ಹೊಕ್ಕ ಮೇಲೆ ಕಾಯಿಲೆ ಕಾಣಿಸಲು ಸಾಮಾನ್ಯವಾಗಿ ಎರಡು ಮೂರು ತಿಂಗಳು, ಕೆಲವರಲ್ಲಿ ಆರು ತಿಂಗಳೂ ಬೇಕು. ನೆನಪಿನ ಕಣಗಳು ಎಚ್ಚೆತ್ತು ಹೊಸ ಪ್ರತಿಕಾಯ ತಯಾರಿಸಲು ಕೆಲವೇ ದಿನ ಸಾಕು. ಫ್ಲೂ ತರದ ಒಂದೆರಡು ದಿನಕ್ಕೇ ಮಲಗಿಸುವ ಕಾಯಿಲೆಯಲ್ಲಿ ಈ ಅನುಕೂಲ ಇಲ್ಲ.

ಇದು ಬಾಯಿಮಾತಲ್ಲ. 1981ರಲ್ಲಿ ಅಮೆರಿಕದ ಅಲಾಸ್ಕಾದಲ್ಲಿ, ಈ ಕಾಯಿಲೆ ಬಹಳ ಇದ್ದ ಅಲ್ಲಿನ ಮೂಲನಿವಾಸಿಗಳಿಗೆ ಲಸಿಕೆ ಹಾಕಿದರು. ಮೂವತ್ತು ವರ್ಷದ ನಂತರ ಅವರಲ್ಲಿ 243 ಜನರನ್ನು ಮತ್ತೆ ಪರೀಕ್ಷಿಸಿದಾಗ ಶೇ. 51ರಷ್ಟು ಜನರಲ್ಲಿ ಮಾತ್ರ ಟೈಟರ್ 10ಕ್ಕಿಂತ ಮೇಲಿತ್ತು. ಸುಮ್ನೆ ಅಷ್ಟನ್ನೇ ನೋಡಿದರೆ ಅರ್ಧ ಜನರಿಗೆ ರಕ್ಷಣೆ ಹೋಯಿತು ಅನಿಸುತ್ತದೆ, ಅಲ್ವಾ? ಆದರೆ ಕಡಿಮೆ ಇದ್ದವರಿಗೆ ಒಂದು ಡೋಸ್ ಹಾಕಿ ತಿಂಗಳ ನಂತರ ನೋಡಿದರೆ ಅವರಲ್ಲಿ ಶೇ. 88 ಜನರಿಗೆ ಟೈಟರ್ ಮತ್ತೆ ಏರಿತ್ತು. ಎರಡೂ ಸೇರಿಸಿದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ರಕ್ಷಣೆಯ ಪುರಾವೆ ಇತ್ತು. ಆರು ತಿಂಗಳು ದಾಟಿದ ಮಕ್ಕಳಿಂದ ಹಿಡಿದು ದೊಡ್ಡವರ ತನಕ ಇದ್ದರು ಅವರು, ಹುಟ್ಟಿದ ದಿನವೇ ಹಾಕಿಸಿಕೊಂಡ ಕೂಸುಗಳಲ್ಲ, ಅದನ್ನೂ ಹೇಳಬೇಕು.

ಕೂಸುಗಳಲ್ಲಿ ಸಂಖ್ಯೆ ಇನ್ನೂ ಬೇಗ ಇಳಿಯುತ್ತದೆ. ಒಂದು ವರ್ಷದೊಳಗೆ ಲಸಿಕೆ ಪಡೆದವರಲ್ಲಿ 18 ವರ್ಷದ ನಂತರ 10ಕ್ಕಿಂತ ಮೇಲೆ ಉಳಿಯುವುದು ಶೇ. 16 ಮಾತ್ರ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ ಲೆಕ್ಕ. ಅಂದರೆ ಪಿಯುಸಿ ಮುಗಿಸಿ ನರ್ಸಿಂಗ್ ಸೇರುವ ಹುಡುಗಿಯ ಟೈಟರ್ 10ಕ್ಕಿಂತ ಕೆಳಗಿರುವುದೇ ಮಾಮೂಲಿ, ಮೇಲಿರುವುದೇ ವಿಶೇಷ. ಆದರೂ ಕಾಯಿಲೆ ಬರುತ್ತಿಲ್ಲ. ತೈವಾನಿನಲ್ಲಿ 1984ರಿಂದ ಕೂಸುಗಳಿಗೆ ಲಸಿಕೆ ಹಾಕುತ್ತಿದ್ದಾರೆ. ಮೊದಲು ಅಲ್ಲಿ ನೂರಕ್ಕೆ ಸುಮಾರು ಹತ್ತು ಮಕ್ಕಳು ಈ ವೈರಸ್ ಹೊತ್ತಿದ್ದರು, ಲಸಿಕೆ ಬಂದ ಮೇಲೆ ಹುಟ್ಟಿದವರಲ್ಲಿ ಅದು ಒಂದಕ್ಕಿಂತ ಕಡಿಮೆಯಾಯಿತು, ಮಕ್ಕಳ ಲಿವರ್ ಕ್ಯಾನ್ಸರ್ ಕೂಡ ಇಳಿಯಿತು. ಲಸಿಕೆ ಪಡೆದವರಿಗೆ ಅಪರೂಪಕ್ಕೆ ವೈರಸ್ ಸೋಕಿದ ಗುರುತು ರಕ್ತದಲ್ಲಿ ಸಿಕ್ಕಿದ್ದುಂಟು. ಆದರೆ ಅದು ಲಿವರಿನಲ್ಲಿ ಕೂತು ಬೇರು ಬಿಡುವುದು ತೀರಾ ಕಡಿಮೆ.

ಯಾರು ಪರೀಕ್ಷೆ ಮಾಡಿಸಬೇಕು, ಯಾರು ಬೇಡ

ಅಂಗಡಿ, ತೋಟ, ಬ್ಯಾಂಕು, ಸಾಫ್ಟ್‌ವೇರ್, ಮೇಷ್ಟ್ರ ಕೆಲಸ, ಮನೆ. ಕಾರ್ಡಿನಲ್ಲಿ ಡೋಸ್ ಪೂರ್ತಿ ಇದ್ದು, ನೀವು ಇಂಥವರಾದರೆ ಟೈಟರ್ ಮಾಡಿಸಬೇಡಿ. ಲ್ಯಾಬಿನವನೇ ಹೀಗೆ ಹೇಳುತ್ತಾನಲ್ಲ ಅನಿಸಬಹುದು. ಆದರೆ ಅದರಿಂದ ಸಿಗುವುದು ಒಂದು ಕಡಿಮೆ ಸಂಖ್ಯೆ, ಎರಡು ರಾತ್ರಿ ನಿದ್ದೆಗೇಡು. ಫುಲ್ ಬಾಡಿ ಚೆಕಪ್ ಪ್ಯಾಕೇಜಿನಲ್ಲಿ ಪುಕ್ಕಟೆ ಸಿಕ್ಕರೂ ಬೇಡ.

ಮಾಡಿಸಬೇಕಾದವರು: ರಕ್ತ, ಸೂಜಿ ಮುಟ್ಟುವ ಕೆಲಸಕ್ಕೆ ಹೋಗುವವರು, ಅಂದರೆ ನರ್ಸ್, ಡಾಕ್ಟರ್, ಲ್ಯಾಬಿನ ನಮ್ಮಂಥವರು, ದಂತವೈದ್ಯರು, ಆಂಬುಲೆನ್ಸಿನವರು. ಆಸ್ಪತ್ರೆಯ ಕಸ ತೆಗೆಯುವವರನ್ನು ಎಲ್ಲರೂ ಮರೆಯುತ್ತಾರೆ, ಆದರೆ ಬಿಸಾಡಿದ ಸೂಜಿ ಚುಚ್ಚುವುದು ಅವರಿಗೇ ಜಾಸ್ತಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ವರ್ಷಕ್ಕೊಮ್ಮೆ ಟೈಟರ್ ನೋಡಿಸಬೇಕು, 10ಕ್ಕಿಂತ ಇಳಿದರೆ ಬೂಸ್ಟರ್ ಹಾಕಿಸಬೇಕು. ಅವರಿಗೆ ನೆನಪಿನ ಕಣಗಳನ್ನು ನಂಬಿ ಕೂರುವಂತಿಲ್ಲ. ಎಚ್‌ಐವಿ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ. ಗಂಡನಿಗೋ ಹೆಂಡತಿಗೋ ಈ ಸೋಂಕು ಇದೆ ಅಂತ ಗೊತ್ತಾಗಿದ್ದರೆ ಇನ್ನೊಬ್ಬರೂ ನೋಡಿಸಬೇಕು.

ಲ್ಯಾಬಿಗೆ ಬಂದಾಗ ಏನಂತ ಕೇಳಬೇಕು

"ಹೆಪಟೈಟಿಸ್ ಬಿ ಟೆಸ್ಟ್" ಅಂತ ಮಾತ್ರ ಹೇಳಬೇಡಿ. ಹಾಗಂದರೆ ನಾವು ಮಾಡುವುದು ಎಚ್‌ಬಿಎಸ್‌ಎಜಿ, ಅದು ವೈರಸ್ ಈಗ ಮೈಯಲ್ಲಿ ಇದೆಯಾ ಅಂತ ನೋಡುವ ಟೆಸ್ಟು. ನಿಮಗೆ ಬೇಕಾದದ್ದು ಆ್ಯಂಟಿ ಎಚ್‌ಬಿಎಸ್, ಅಂದರೆ ಟೈಟರ್ ಟೆಸ್ಟು, ಅದೂ ಸಂಖ್ಯೆ ಕೊಡುವ ಕ್ವಾಂಟಿಟೇಟಿವ್. ಹೆಸರುಗಳು ಅಣ್ಣತಮ್ಮಂದಿರ ಹಾಗಿವೆ, ಅರ್ಥ ಮಾತ್ರ ಉಲ್ಟಾ. ಎಚ್‌ಬಿಎಸ್‌ಎಜಿ ನೆಗೆಟಿವ್ ಬಂದರೆ ಖುಷಿ ಪಡಬೇಕು, ಆ್ಯಂಟಿ ಎಚ್‌ಬಿಎಸ್ ಪಾಸಿಟಿವ್ ಬಂದರೆ ಖುಷಿ ಪಡಬೇಕು. ಈ ಗೊಂದಲದಲ್ಲಿ "ಪಾಸಿಟಿವ್" ಅಂತ ಓದಿ ಮನೆಮಂದಿಯೆಲ್ಲ ಬಾಯಿ ಬಡಿದುಕೊಂಡದ್ದನ್ನು ನೋಡಿದ್ದೇನೆ. ಹುಡುಗನ ಟೈಟರ್ 300 ದಾಟಿತ್ತು!

ದೊಡ್ಡವರು ಮೊದಲ ಸಲ ಪರೀಕ್ಷೆ ಮಾಡಿಸುವಾಗ ಆ್ಯಂಟಿ ಎಚ್‌ಬಿಸಿ ಟೋಟಲ್ ಅನ್ನುವ ಮೂರನೆಯದನ್ನೂ ಸೇರಿಸುವುದು ಒಳ್ಳೆಯದು. ಅದು ಪಾಸಿಟಿವ್ ಬಂದರೆ ಹಿಂದೆ ಎಂದಾದರೂ ನಿಜವಾದ ವೈರಸ್ ಹೊಕ್ಕಿತ್ತು ಅಂತ. ಬರೀ ಲಸಿಕೆಯಿಂದ ಅದು ಪಾಸಿಟಿವ್ ಆಗುವುದಿಲ್ಲ, ಯಾಕೆಂದರೆ ಲಸಿಕೆಯಲ್ಲಿ ವೈರಸ್ಸಿನ ಒಳತಿರುಳು ಇರುವುದೇ ಇಲ್ಲ.

ಇನ್ನೊಂದು ಸೂಕ್ಷ್ಮ. ಲಸಿಕೆ ಹಾಕಿಸಿಕೊಂಡ ಕೂಡಲೇ ಎಚ್‌ಬಿಎಸ್‌ಎಜಿ ಮಾಡಿಸಬೇಡಿ. ಲಸಿಕೆಯಲ್ಲಿರುವುದೂ ಅದೇ ಪ್ರೋಟೀನ್, ಹಾಗಾಗಿ 18 ದಿನದವರೆಗೂ ಸುಳ್ಳು ಪಾಸಿಟಿವ್ ಬಂದದ್ದುಂಟು. ರಕ್ತ ಮೊದಲು ಕೊಟ್ಟು, ಲಸಿಕೆ ಆಮೇಲೆ ಹಾಕಿಸಿಕೊಂಡರೆ ಈ ತಲೆನೋವೇ ಇಲ್ಲ. ಖಾಲಿ ಹೊಟ್ಟೆಯಲ್ಲಿ ಬರಬೇಕಾಗಿಲ್ಲ, ತಿಂಡಿ ತಿಂದೇ ಬನ್ನಿ.

10ಕ್ಕಿಂತ ಕಡಿಮೆ ಬಂದರೆ

ಇದು ಆಸ್ಪತ್ರೆ ಕೆಲಸಕ್ಕೆ ಹೋಗುವವರಿಗೆ ಮಾತ್ರ, ಉಳಿದವರು ಮುಂದೆ ಹೋಗಿ. ಕಾರ್ಡಿನಲ್ಲಿ ಮೂರು ಡೋಸ್ ಇದೆ, ಟೈಟರ್ 10ಕ್ಕಿಂತ ಕಡಿಮೆ. ಒಂದೇ ಒಂದು ಡೋಸ್ ಹಾಕಿಸಿ. ಒಂದರಿಂದ ಎರಡು ತಿಂಗಳು ಬಿಟ್ಟು ಮತ್ತೆ ಟೈಟರ್ ನೋಡಿಸಿ, ವಾರಕ್ಕೇ ಬರಬೇಡಿ. ಹೆಚ್ಚಿನವರದು ನೂರು, ಇನ್ನೂರು, ಸಾವಿರಕ್ಕೂ ಹಾರುತ್ತದೆ. 10 ದಾಟಿತೋ, ಕೆಲಸ ಮುಗಿಯಿತು. ಮುಂದೆ ಐದು ವರ್ಷಕ್ಕೆ ಮತ್ತೆ ಅದು 6ಕ್ಕೆ ಇಳಿದರೂ ನೀವು ಆರೋಗ್ಯವಾಗಿದ್ದರೆ ಚಿಂತೆ ಇಲ್ಲ, ಮತ್ತೆ ಮತ್ತೆ ನೋಡಿಸುವ ಅಗತ್ಯವೂ ಇಲ್ಲ. ಕಾಲೇಜಿನವರು "ಪ್ರತಿ ವರ್ಷ ತನ್ನಿ" ಅಂದರೆ ಹಳೇ ರಿಪೋರ್ಟನ್ನೇ ತೋರಿಸಿ, ಒಂದು ಸಲ 10 ದಾಟಿದ ದಾಖಲೆ ಇದ್ದರೆ ಸಾಕು ಅಂತ ವಿನಯವಾಗಿ ಹೇಳಿ. ಕೇಳದಿದ್ದರೆ ಮಾಡಿಸಿ, ಸೀಟಿಗಿಂತ ದೊಡ್ಡದಲ್ಲ.

ಒಂದು ಡೋಸಿಗೆ ಏರದಿದ್ದರೆ ಇನ್ನೆರಡು ಹಾಕಿಸಿ ಎರಡನೇ ಸರಣಿ ಪೂರ್ತಿ ಮಾಡಿ, ಮತ್ತೆ ಒಂದೆರಡು ತಿಂಗಳಿಗೆ ನೋಡಿಸಬೇಕು. ಎರಡು ಸರಣಿ ಆದರೂ ಏರದವರು ಕೆಲವರು ಇರುತ್ತಾರೆ, ಅವರ ಮೈಯೇ ಹಾಗೆ. ಅಂಥವರು ಎಚ್‌ಬಿಎಸ್‌ಎಜಿ ಮಾಡಿಸಿ ಸೋಂಕು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಸೂಜಿ ಚುಚ್ಚಿದರೆ ತನಗೆ ಲಸಿಕೆ ಹತ್ತಿಲ್ಲ ಅಂತ ಮೊದಲು ಹೇಳಬೇಕು.

ಸೂಜಿ ಚುಚ್ಚಿದಾಗ

ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬ್ಲೀಚು, ಸ್ಪಿರಿಟ್ಟು ಅಂತ ಉಜ್ಜಬೇಡಿ, ಬಾಯಲ್ಲಿ ಚೀಪಲೇಬೇಡಿ. ತಕ್ಷಣ ಮೇಲಿನವರಿಗೆ ಹೇಳಿ, ನಾಚಿಕೆ ಬೇಡ. ಯಾರ ರಕ್ತದ ಸೂಜಿ ಅಂತ ಗೊತ್ತಿದ್ದರೆ ಅವರ ಪರೀಕ್ಷೆ ಆಗಬೇಕು. ನಿಮ್ಮ ಟೈಟರ್ ಹಿಂದೆ ಒಮ್ಮೆ 10 ದಾಟಿದ ಕಾಗದ ಇದ್ದರೆ ಬಿ ಬಗ್ಗೆ ಏನೂ ಮಾಡಬೇಕಾಗಿಲ್ಲ. ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಬಗ್ಗೆ ಮಾತ್ರ ನೋಡುತ್ತಾರೆ. ಕಾಗದ ಇಲ್ಲ, ಟೈಟರ್ ಕಡಿಮೆ, ಆ ರೋಗಿಗೆ ಬಿ ಇದೆ ಅಂತಾದರೆ ಎಚ್‌ಬಿಐಜಿ ಅನ್ನುವ ಸಿದ್ಧ ಪ್ರತಿಕಾಯದ ಚುಚ್ಚು ಮತ್ತು ಲಸಿಕೆ ಎರಡೂ ಬೇಕು. 24 ಗಂಟೆಯೊಳಗೆ ಆದರೆ ಉತ್ತಮ, ಏಳು ದಿನ ದಾಟಿದರೆ ಉಪಯೋಗ ಇಲ್ಲದಂತೆ. ಅದು ದುಬಾರಿ, ಎಲ್ಲ ತಾಲ್ಲೂಕಿನ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾಲಲ್ಲ. ಆಗುಂಬೆ ಘಾಟಿಯ ಮೇಲಿನ ಯಾವುದೋ ಕ್ಲಿನಿಕ್ಕಿನಲ್ಲಿ ಚುಚ್ಚಿದರೆ ನಾಳೆ ನೋಡೋಣ ಅನ್ನದೆ ಫೋನ್ ಮಾಡಿ ಎಲ್ಲಿದೆ ಅಂತ ಕೇಳಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದಲೇ ಕೇಳಲು ಶುರು ಮಾಡಬಹುದು.

ಬಸುರಿಯರಿಗೆ, ಮತ್ತು ಸೋಂಕು ಇರುವ ಮನೆಯವರಿಗೆ

ಬಸುರಿಯರ ರಕ್ತಪರೀಕ್ಷೆಯಲ್ಲಿ ಎಚ್‌ಬಿಎಸ್‌ಎಜಿ ಇದೆಯಾ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಕೇಳಿ ಮಾಡಿಸಿ. ಪಾಸಿಟಿವ್ ಬಂದರೆ ಮನೆಯಲ್ಲಿ ಹೆರಿಗೆಯ ಮಾತೇ ಬೇಡ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಾಗುವ ಊರಾದರೆ ನಾಲ್ಕು ದಿನ ಮುಂಚೆಯೇ ಪೇಟೆಗೆ ಬಂದುಬಿಡಿ. ಮಗು ಹುಟ್ಟಿದ 12 ಗಂಟೆಯೊಳಗೆ ಲಸಿಕೆ ಒಂದು ತೊಡೆಗೆ, ಎಚ್‌ಬಿಐಜಿ ಇನ್ನೊಂದು ತೊಡೆಗೆ ಬೀಳಬೇಕು. ಎಚ್‌ಬಿಐಜಿ ಸಿಗುತ್ತದಾ ಅಂತ ಎಂಟನೇ ತಿಂಗಳಲ್ಲೇ ಆಸ್ಪತ್ರೆಯಲ್ಲಿ ಮಾತಾಡಿಡಿ. ತಾಯಿಗೆ ಕೊನೆ ತಿಂಗಳುಗಳಲ್ಲಿ ಮಾತ್ರೆ ಬೇಕಾಗಬಹುದು, ಅದನ್ನು ಡಾಕ್ಟರ್ ನೋಡುತ್ತಾರೆ. ಎದೆಹಾಲು ಕೊಡಬಹುದು. ಈ ಮಗುವಿಗೆ ಮಾತ್ರ ಲಸಿಕೆ ಎಲ್ಲ ಮುಗಿದ ಮೇಲೆ 9ರಿಂದ 12 ತಿಂಗಳ ನಡುವೆ ಎಚ್‌ಬಿಎಸ್‌ಎಜಿ ಮತ್ತು ಆ್ಯಂಟಿ ಎಚ್‌ಬಿಎಸ್ ಎರಡೂ ಮಾಡಿಸಲೇಬೇಕು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಮಗು ಗುಂಡಗೆ ಆಡಿಕೊಂಡಿದೆಯಲ್ಲ ಅಂತ.

ಮನೆಯಲ್ಲಿ ಒಬ್ಬರಿಗೆ ಇದ್ದರೆ ಉಳಿದವರೆಲ್ಲ ಪರೀಕ್ಷೆ ಮಾಡಿಸಿ, ಬೇಕಾದವರು ಲಸಿಕೆ ಹಾಕಿಸಿ. ಊಟ ತಿಂಡಿಗೆ ತಟ್ಟೆ ಲೋಟ ಬೇರೆ ಇಡುವ ಅಗತ್ಯ ಇಲ್ಲ, ಅದು ಬರೀ ಮನಸ್ಸು ನೋಯಿಸುವ ಕೆಲಸ. ಬೇರೆ ಇಡಬೇಕಾದದ್ದು ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ. ಒಣಗಿದ ರಕ್ತದಲ್ಲೂ ಈ ವೈರಸ್ ಏಳು ದಿನ ಬದುಕಬಲ್ಲದು. ಅಡಿಕೆ ಸುಲಿಯುವ ಕಾಲದಲ್ಲಿ ಒಂದೇ ಮೆಟ್ಟುಗತ್ತಿಗೆ ಇವತ್ತು ಒಬ್ಬರು ನಾಳೆ ಇನ್ನೊಬ್ಬರು ಕೂರುತ್ತಾರೆ, ಬೆರಳು ಕೊಯ್ಯದ ದಿನವೇ ಇಲ್ಲ. ಯಾರಿಗೆ ಏನಿದೆ ಅಂತ ಕೇಳುತ್ತ ಕೂರಬೇಡಿ, ರಕ್ತ ತಾಗಿದ ಕತ್ತಿಯನ್ನು ಬ್ಲೀಚಿಂಗ್ ನೀರಿನಲ್ಲಿ ಒರೆಸಿ ತೊಳೆದು ಆಮೇಲೆ ಇನ್ನೊಬ್ಬರಿಗೆ ಕೊಡಿ, ಯಾರದೇ ರಕ್ತ ಇರಲಿ. ಕ್ಷೌರದ ಅಂಗಡಿಯಲ್ಲಿ ಹೊಸ ಬ್ಲೇಡ್ ಕೇಳಿ ಪಡೆಯಿರಿ, ಜಾತ್ರೆಯಲ್ಲಿ ಹಚ್ಚೆ ಹಾಕಿಸಬೇಡಿ.

ಪಾಸಿಟಿವ್ ಬಂದವರು ಹೆದರಿ ಮುಚ್ಚಿಡುವುದು ಬೇಡ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಎಲ್ಲರಿಗೂ ಔಷಧಿ ಬೇಕಾಗುವುದಿಲ್ಲ, ಆದರೆ ಎಲ್ಲರೂ ಆಗಾಗ ತೋರಿಸಿಕೊಳ್ಳುತ್ತಿರಬೇಕು. ಒಮ್ಮೆ ಸೋಂಕು ಕೂತವರಿಗೆ ಲಸಿಕೆಯಿಂದ ಪ್ರಯೋಜನ ಇಲ್ಲ.

ಎ ಲಸಿಕೆಯ ಬಗ್ಗೆ

ಹೆಪಟೈಟಿಸ್ ಎ ಲಸಿಕೆ ಸರ್ಕಾರಿ ಪಟ್ಟಿಯಲ್ಲಿಲ್ಲ, ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು, ಒಂದು ವರ್ಷ ತುಂಬಿದ ಮೇಲೆ. ಒಂದು ತರದ್ದು ಆರು ತಿಂಗಳ ಅಂತರದಲ್ಲಿ ಎರಡು ಡೋಸ್, ಇನ್ನೊಂದು ತರದ್ದು ಒಂದೇ ಡೋಸ್. ಎರಡು ಡೋಸಿನದು ಕನಿಷ್ಠ 20 ವರ್ಷ ಕಾಯುತ್ತದೆ, ಬೂಸ್ಟರ್ ಕೇಳುವುದಿಲ್ಲ. ಬಿ ಲಸಿಕೆ ಎಷ್ಟೇ ಹಾಕಿಸಿದ್ದರೂ ಎ ಬರಬಹುದು. ಇ ಮತ್ತು ಸಿಗೆ ನಮ್ಮಲ್ಲಿ ಲಸಿಕೆಯೇ ಇಲ್ಲ. ಜೂನ್ ಜುಲೈನಲ್ಲಿ ಬಾವಿ ನೀರನ್ನು ಕುದಿಸದೆ ಕುಡಿಯಬೇಡಿ.

ಕಾರ್ಡು ಸಿಕ್ಕ ದಿನವೇ ಎರಡೂ ಬದಿಯ ಫೋಟೋ ತೆಗೆದು ಮನೆಯ ಇಬ್ಬರು ಮೂವರ ಮೊಬೈಲಿಗೆ ಕಳಿಸಿಡಿ, ಟೈಟರ್ ರಿಪೋರ್ಟ್ ಇದ್ದರೆ ಅದನ್ನೂ. ಮೂಲ ಕಾರ್ಡನ್ನು ಮಾರ್ಕ್ಸ್ ಕಾರ್ಡು ಇಡುವ ಫೈಲಿಗೇ ಸೇರಿಸಿ, ಪ್ಲಾಸ್ಟಿಕ್ ಕವರಿನೊಳಗೆ. ನಮ್ಮ ಕಡೆಯ ಥಂಡಿಗೆ ಬರೀ ಕಾಗದ ಎರಡು ಮಳೆಗಾಲ ತಡೆಯುವುದಿಲ್ಲ.